ಜುಮಾಕ್ಕೆ ಮುಂಚೆ ಊರು ಸೇರುವ ಸೈಕಲ್

ಭಾನುವಾರ ಬೆಳಿಗ್ಗೆ ಸಕಲೇಶಪುರದ ಹೇಮಾವತಿ ಸೇತುವೆ ಹತ್ತಿರ ನಿಂತರೆ ಈಗೀಗ ಒಂದು ಹೊಸ ನೋಟ ಕಾಣಸಿಗುತ್ತದೆ. ತಲೆಗೆ ಹೆಲ್ಮೆಟ್, ಮೈಗೆ ಅಂಟಿಕೊಂಡ ಬಣ್ಣದ ಅಂಗಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ ಏಳೆಂಟು ಜನ ಬೆಂಗಳೂರು ಕಡೆಯವರು ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ಚಹಾ ಕುಡಿಯುತ್ತಿರುತ್ತಾರೆ. ಅವರ ಒಂದು ಸೈಕಲ್ಲಿನ ಬೆಲೆಗೆ ನಮ್ಮಲ್ಲಿ ಒಂದು ಬೈಕೇ ಬರುತ್ತದೆ. ಚಹಾದಂಗಡಿಯ ಕಾಕ ಒಮ್ಮೆ ನಮ್ಮನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಅಲ್ಲ ಉಸ್ತಾದೇ, ಇಷ್ಟು ದುಡ್ಡಿದ್ದವರು ಇದನ್ನ ಯಾಕೆ ತುಳೀತಾರೆ? ನಮ್ಮ ಉಪ್ಪ ಜೀವಮಾನ ಎಲ್ಲ ದುಡಿದದ್ದು ಈ ಸೈಕಲ್ ಬಿಡ್ಲಿಕ್ಕೇ ಅಲ್ವಾ?"

ಆ ಮಾತಿಗೆ ಅವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ. ಕಾಕನ ಉಪ್ಪ ಒಣಮೀನು ಮಾರುತ್ತಿದ್ದವರು. ಹಿಂದಿನ ಕ್ಯಾರಿಯರ್‌ಗೆ ಬುಟ್ಟಿ, ಹ್ಯಾಂಡಲ್‌ಗೆ ರಬ್ಬರ್ ಹಾರ್ನ್. ಲೈನ್ ಮನೆಗಳ ಹತ್ತಿರ ಹಾರ್ನ್ ಕೇಳಿದರೆ ಹೆಂಗಸರು ಪಾತ್ರೆ ಹಿಡಿದು ಬರುತ್ತಿದ್ದರು. ಘಟ್ಟದ ಕೆಳಗಿನಿಂದ ಮೇಲಕ್ಕೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಸೈಕಲ್ಲೇ ಅಂಗಡಿ. ಮೀನು ಕೊಟ್ಟು ಕರಿಮೆಣಸು, ಏಲಕ್ಕಿ, ಅಡಿಕೆ ಕೊಂಡವರು, ಬಟ್ಟೆ ಗಂಟು ಹೊತ್ತು ತೋಟ ತೋಟ ಸುತ್ತಿದವರು ಇದ್ದರು. ಈ ಸೀಮೆಯ ಊರುಗಳ ಹೆಸರೇ ನೋಡಿ. ನಮ್ಮ ತಾಲೂಕಿನಲ್ಲಿ ಶುಕ್ರವಾರಸಂತೆ. ಕೊಡಗಿನ ಗಡಿ ದಾಟಿದರೆ ಶನಿವಾರಸಂತೆ. ಅದರಾಚೆ ಸೋಮವಾರಪೇಟೆ. ವಾರದ ದಿನಗಳೇ ಊರುಗಳಾಗಿವೆ. ಸಂತೆ ಎಲ್ಲಿಗೆ ಹೋದರೆ ಅಲ್ಲಿಗೆ ಸೈಕಲ್ಲೂ ಹೋಗುತ್ತಿತ್ತು.

ಆಮೇಲೆ ಬೈಕ್ ಬಂತು, ಗೂಡ್ಸ್ ಆಟೋ ಬಂತು, ಗಲ್ಫ್ ದುಡ್ಡು ಬಂತು. ಸೈಕಲ್ ಅಂದರೆ ಬಡತನದ ಗುರುತು ಅಂತಾಯಿತು. ಒಂದು ಕಾಲಕ್ಕೆ ಊರೂರಿನಲ್ಲಿ ಕಾಣುತ್ತಿದ್ದ ಅಟ್ಲಾಸ್ ಸೈಕಲ್ಲಿನ ಕೊನೆಯ ಕಾರ್ಖಾನೆ ಉತ್ತರ ಪ್ರದೇಶದ ಸಾಹಿಬಾಬಾದ್‌ನಲ್ಲಿ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ವಿಶ್ವಸಂಸ್ಥೆ ವಿಶ್ವ ಸೈಕಲ್ ದಿನ ಅಂತ ಆಚರಿಸುವುದು ಅದೇ ಜೂನ್ 3ನ್ನು!

ನಾವು ಮತ್ತೆ ತುಳಿದದ್ದು

ನಾವು ಸೈಕಲ್ ಹತ್ತಿದ್ದು ಶೋಕಿಗಲ್ಲ. ನಲವತ್ತು ದಾಟಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಚೀಟಿ ನೋಡಿ, "ಶುಗರ್ ಗಡಿಯಲ್ಲಿದೆ. ಮಾತ್ರೆ ಬೇಕಾ, ಬೆವರು ಬೇಕಾ?" ಅಂತ ಕೇಳಿದರು. ನಮ್ಮ ಕೆಲಸವೇ ಕೂತು ಮಾಡುವಂಥದ್ದು. ಬೆಳಿಗ್ಗೆ ಮದ್ರಸ, ಸಂಜೆ ಮತ್ತೆ ಪಾಠ, ಮಧ್ಯೆ ಯಾರದಾದರೂ ಮನೆಯ ಊಟ. ತುಪ್ಪದ ಅನ್ನ ಬೇಡ ಅನ್ನಲಿಕ್ಕೆ ಸಂಕೋಚ. ಹಾಗಾಗಿ ಇಬ್ಬರು ಉಸ್ತಾದರು, ಒಬ್ಬ ದಿನಸಿ ಅಂಗಡಿಯವರು, ಒಬ್ಬ ಆಟೋ ಓಡಿಸುವವರು, ಡಿಗ್ರಿ ಓದುವ ಇಬ್ಬರು ಹುಡುಗರು ಸೇರಿ ಆರು ಜನ ಆದೆವು. ನಾಲ್ಕು ಸೈಕಲ್ ಸೆಕೆಂಡ್ ಹ್ಯಾಂಡ್. ಇನ್ನೆರಡು ಅಟ್ಟದ ಮೇಲಿಂದ ಇಳಿಸಿ ಟ್ಯೂಬ್ ಬದಲಿಸಿದ್ದು.

ಮದ್ರಸಕ್ಕೆ ರಜೆ ಶುಕ್ರವಾರ. ಹಾಗಾಗಿ ನಮ್ಮ ಸವಾರಿಯೂ ಶುಕ್ರವಾರವೇ. ಇದರಲ್ಲಿ ಒಂದು ಕಟ್ಟುಪಾಡು ತಾನಾಗಿ ಬಂತು. ಮಧ್ಯಾಹ್ನ ಜುಮಾಕ್ಕೆ ಮುಂಚೆ ಸ್ನಾನ ಮುಗಿಸಿ ಮಸೀದಿಯಲ್ಲಿರಬೇಕು. ಬೆಳಿಗ್ಗೆ ಸುಬುಹಿ ನಮಾಝ್ ಮುಗಿದ ಕೂಡಲೇ ಹೊರಡುವಂತಿಲ್ಲ, ಅದಕ್ಕೆ ಕಾರಣ ಮುಂದೆ ಹೇಳುತ್ತೇವೆ. ಆರೂವರೆಯಿಂದ ಹನ್ನೊಂದರವರೆಗೆ ಸಿಗುವುದು ನಾಲ್ಕೂವರೆ ಗಂಟೆ. ಗುಡ್ಡದ ರಸ್ತೆಯಲ್ಲಿ ನಮ್ಮಂಥವರಿಗೆ ಗಂಟೆಗೆ 12 ಕಿ.ಮೀ. ಆದರೆ ದೊಡ್ಡದು. ಚಹಾ, ಉಸಿರು, ಪಂಕ್ಚರ್ ಎಲ್ಲ ಲೆಕ್ಕ ಹಾಕಿದರೆ 40ರಿಂದ 45 ಕಿ.ಮೀ. ಹಾದಿ ನಮಗೆ ಸರಿ.

ಮೊದಲ ವಾರ ಒಬ್ಬರು ತೋಟದ ಗೌಡರು ಜೀಪು ನಿಲ್ಲಿಸಿ, "ಏನ್ ಗುರುಗಳೇ, ಬೈಕ್ ಕೆಟ್ಟೋಯ್ತಾ? ಹತ್ಕಳಿ, ಬಿಡ್ತೀನಿ" ಅಂದಿದ್ದರು. ಈಗ ಅವರೇ, "ಎಷ್ಟ್ ಕಿಲೋಮೀಟ್ರು ಆಯ್ತು ಇವತ್ತು?" ಅಂತ ಕೇಳುತ್ತಾರೆ.

ಯಾವ ಹಾದಿ ಹೇಗೆ?

ಶುರು ಮಾಡುವವರಿಗೆ ಮಂಜರಾಬಾದ್ ಕೋಟೆ ಸಾಕು. ಪೇಟೆಯಿಂದ ಸುಮಾರು 6 ಕಿ.ಮೀ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ಸೈಕಲ್ ಕೆಳಗೆ ನಿಲ್ಲಿಸಿ ಮೆಟ್ಟಿಲು ಹತ್ತಿದರೆ ಮಂಗಳೂರು ದಾರಿಗೆ ಕಾವಲಾಗಿ ಈ ಗುಡ್ಡವನ್ನೇ ಯಾಕೆ ಆರಿಸಿದರು ಅನ್ನುವುದು ಹೇಳದೇ ಅರ್ಥವಾಗುತ್ತದೆ. ಆದರೆ ಅಲ್ಲಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 75ರಲ್ಲಿ. ಟ್ಯಾಂಕರ್, ಕಂಟೈನರ್ ಲಾರಿಗಳು ಬಿಡುವಿಲ್ಲದೆ ಓಡುವ ರಸ್ತೆ. ಕೋಟೆ ನೋಡಿ ತಿರುಗಬೇಕು. ದೋಣಿಗಾಲ್ ದಾಟಿ ಶಿರಾಡಿ ಘಾಟ್ ಇಳಿಯುವ ಆಸೆ ಬೇಡವೇ ಬೇಡ. ಗುಂಡ್ಯದವರೆಗೆ ಸೈಕಲ್ ತಾನಾಗೇ ಓಡುತ್ತದೆ ನಿಜ. ಆದರೆ ತಿರುವಿನಲ್ಲಿ ಎರಡು ಲಾರಿ ಜೊತೆಯಾದರೆ ಸೈಕಲ್‌ನವನಿಗೆ ಸರಿಯಲು ಜಾಗ ಇರುವುದಿಲ್ಲ. ಮಳೆಗಾಲದಲ್ಲಿ ಗುಡ್ಡವೂ ಜಾರುತ್ತದೆ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿದು ವಾಹನಗಳು ನಿಂತದ್ದು ಎಲ್ಲರಿಗೂ ನೆನಪಿದೆ.

ನಮಗೆ ಇಷ್ಟವಾದದ್ದು ಹಾನುಬಾಳು ರಸ್ತೆ. ಇಕ್ಕೆಲದಲ್ಲೂ ಕಾಫಿ ತೋಟ, ನೆರಳಿಗೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಏರು ಬರುತ್ತದೆ, ಕಾಲು ಸೋಲುವ ಹೊತ್ತಿಗೆ ಇಳಿಜಾರು ಸಿಗುತ್ತದೆ, ಗದ್ದೆ ಬಯಲು ಕಾಣುತ್ತದೆ, ಮತ್ತೆ ಏರು. ಹಾನುಬಾಳುವರೆಗೆ ಹೋಗಿ ಬಂದರೆ ಅರ್ಧ ದಿನದ ಸವಾರಿಗೆ ಸರಿ. ಕಾಲಿನಲ್ಲಿ ಇನ್ನೂ ಬಲ ಇದ್ದವರು ದೇವಾಲದಕೆರೆ ದಾಟಿ ಮೇಕನಗದ್ದೆಯ ಬೆಟ್ಟದ ಭೈರವೇಶ್ವರ ದೇವಸ್ಥಾನದವರೆಗೆ ಹೋಗುತ್ತಾರೆ. ಪೇಟೆಯಿಂದ ಸುಮಾರು 35 ಕಿ.ಮೀ. ಅಲ್ಲಿಂದ ಮುಂದೆ ಬರೀ ಹುಲ್ಲುಗುಡ್ಡ, ಮಂಜು, ಗಾಳಿ. ನಾವು ಅಷ್ಟು ದೂರ ಹೋದದ್ದು ಒಂದೇ ಸಲ, ಅದೂ ಮದ್ರಸದ ಪರೀಕ್ಷೆ ಮುಗಿದ ರಜೆಯಲ್ಲಿ.

ಆಲೂರು ಕಡೆ ಹಾದಿ ಬೇರೆ. ಹಾಸನ, ಆಲೂರು, ಬಾಳ್ಳುಪೇಟೆ, ಸಕಲೇಶಪುರ ಹೆದ್ದಾರಿ ಸುಮಾರು 40 ಕಿ.ಮೀ. ಅದು ಸೈಕಲ್ಲಿಗೆ ಹೇಳಿದ್ದಲ್ಲ. ಹೆದ್ದಾರಿ ಬಿಟ್ಟು ಕೆಂಚಮ್ಮನ ಹೊಸಕೋಟೆ ಕಡೆಯ ಊರ ರಸ್ತೆ ಹಿಡಿದರೆ ಮಲೆನಾಡು ಸಡಿಲವಾಗಿ ಬಯಲುಸೀಮೆಯಾಗುವುದು ಕಣ್ಣಿಗೇ ಕಾಣುತ್ತದೆ. ಕಾಫಿ ಕಡಿಮೆಯಾಗುತ್ತಾ ಹೋಗಿ ಶುಂಠಿ, ಜೋಳ, ಆಲೂಗಡ್ಡೆ ಶುರುವಾಗುತ್ತದೆ. ಏರು ಸಣ್ಣದು, ಹೊಸಬರಿಗೆ ಒಳ್ಳೆಯದು. ಇನ್ನೂ ಕೆಳಗೆ ಹೋದರೆ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು. 1979ರಲ್ಲಿ ಮುಗಿದ ಆ ಅಣೆಕಟ್ಟಿನಿಂದ ಎಷ್ಟೋ ಹಳ್ಳಿ ಮುಳುಗಿತು. ಶೆಟ್ಟಿಹಳ್ಳಿಯ ಹಳೇ ಚರ್ಚ್, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಮಳೆಗಾಲದಲ್ಲಿ ಈಗಲೂ ನೀರಿನ ಮಧ್ಯೆ ನಿಲ್ಲುತ್ತದೆ. ಚಿತ್ರ ತೆಗೆಯಲು ಬಂದವರು ಮುಳುಗಿದ ಮನೆಗಳ ಬಗ್ಗೆ ಕೇಳುವುದಿಲ್ಲ. ಸೈಕಲ್ಲಿನಲ್ಲಿ ಹೋದರೆ ಹಳ್ಳಿಯ ಕಟ್ಟೆಯಲ್ಲಿ ಕೂರಲೇಬೇಕಾಗುತ್ತದೆ, ಕೂತರೆ ಯಾರಾದರೂ ಹಿರಿಯರು ಹೇಳುತ್ತಾರೆ.

ಎಲ್ಲದಕ್ಕಿಂತ ದೊಡ್ಡದು ಬಿಸ್ಲೆ. ಹೆತ್ತೂರು, ವಣಗೂರು ಮಾರ್ಗವಾಗಿ ಸಕಲೇಶಪುರದಿಂದ 50 ಕಿ.ಮೀ. ಆಸುಪಾಸು. ಕೊನೆಯಲ್ಲಿ ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗುತ್ತದೆ. ಬಿಸ್ಲೆಯ ನೋಟದ ಜಾಗದಲ್ಲಿ ನಿಂತರೆ ಎದುರಿಗೆ ಕುಮಾರಪರ್ವತದ ಸಾಲು. ಈ ದಾರಿಯ ಮಂಕನಹಳ್ಳಿ ಹತ್ತಿರ ನೀರು ಹಂಚುವ ದಿಣ್ಣೆ ಇದೆ, ಗುರುತಿಗೆ ಕಲ್ಲೂ ಇದೆ. ಒಂದು ಬದಿಗೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಬದಿಯದ್ದು ಕುಮಾರಧಾರಾ, ನೇತ್ರಾವತಿ ಸೇರಿ ಮಂಗಳೂರಿನ ಕಡಲಿಗೆ. ಅಲ್ಲಿ ನಿಂತಾಗ ನಮ್ಮ ಜೊತೆಗಿದ್ದ ಅಂಗಡಿಯವರು, "ನಮ್ಮ ಕಥೆಯೂ ಇಷ್ಟೇ ಉಸ್ತಾದೇ. ಅರ್ಧ ಮನೆ ಕೆಳಗೆ, ಅರ್ಧ ಮನೆ ಮೇಲೆ" ಅಂದರು. ಅವತ್ತು ನಾವು ಬರುವಾಗ ತುಳಿಯಲಿಲ್ಲ. ಸೈಕಲ್ಲುಗಳನ್ನು ಪಿಕಪ್ ಗಾಡಿಗೆ ಹಾಕಿಕೊಂಡು ಬಂದೆವು. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ರೈಲು ಹಾದಿಯ ಬಗ್ಗೆ ಹುಡುಗರು ಕೇಳುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಮೀಟರ್ ಗೇಜ್ ಹಳಿ ಬದಲಿಸಲು 1996ರಲ್ಲಿ ಈ ಮಾರ್ಗ ಮುಚ್ಚಿದಾಗ ಜನ ಅದರ ಮೇಲೆ ನಡೆದು ಎಡಕುಮೇರಿಗೆ ಹೋಗುವುದು ರೂಢಿಯಾಯಿತು. ಈಗ ಹಗಲು ರಾತ್ರಿ ರೈಲು ಓಡುತ್ತದೆ. ಹಳಿಯ ಮೇಲೆ ಕಾಲಿಡುವುದೇ ಅಪರಾಧ, ಸುರಂಗದೊಳಗೆ ಸಿಕ್ಕಿಕೊಂಡರೆ ಓಡಲು ದಾರಿಯೂ ಇಲ್ಲ. ಆ ನೋಟ ಬೇಕಾದರೆ ಟಿಕೆಟ್ ತೆಗೆದು ರೈಲಿನ ಕಿಟಕಿಯಿಂದ ನೋಡಿ.

ಅಂದಲೂಸಿನ ಸೈಕಲ್ ಹಾದಿ

ಹಳೇ ರೈಲು ಹಾದಿಯನ್ನು ಸೈಕಲ್ಲಿಗೇ ಬಿಟ್ಟುಕೊಟ್ಟ ದೇಶ ಒಂದಿದೆ. ಸ್ಪೇನ್. ನಾವು ಮದ್ರಸದಲ್ಲಿ ಚರಿತ್ರೆ ಹೇಳುವಾಗ ಅಂದಲೂಸ್ ಅಂತ ಹೇಳುವ ದೇಶ. ಕೊರ್ಡೋವಾ ಮಸೀದಿ, ಗ್ರನಾಡದ ಅಲ್‌ಹಂಬ್ರಾ ಇರುವ ದೇಶ. ಅಲ್ಲಿ ರೈಲು ನಿಂತುಹೋದ ಮಾರ್ಗಗಳನ್ನು 1993ರಿಂದ 'ವಿಯಾಸ್ ವೆರ್ದೆಸ್', ಅಂದರೆ ಹಸಿರು ಹಾದಿ ಅಂತ ಮಾಡಿ ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟಿದ್ದಾರೆ. ದಕ್ಷಿಣದ ಹಯೇನ್ ಪಟ್ಟಣದಿಂದ ಆಲಿವ್ ತೋಟಗಳ ಮಧ್ಯೆ ಹೋಗುವ ಒಂದು ಹಾದಿಯ ಉದ್ದ 128 ಕಿ.ಮೀ. ಹಿಂದೆ ಅದರ ಮೇಲೆ ಆಲಿವ್ ಎಣ್ಣೆ ತುಂಬಿದ ರೈಲು ಓಡುತ್ತಿತ್ತಂತೆ. ಹಾದಿಯ ಹೆಸರೂ ಎಣ್ಣೆಯ ಹಾದಿ. ಎಣ್ಣೆಗೆ ಅವರು ಹೇಳುವ 'ಅಸೈತೆ' ನಮ್ಮ ಮಕ್ಕಳು ಅರಬಿಯಲ್ಲಿ ಕಲಿಯುವ 'ಝೈತ್' ಪದದಿಂದಲೇ ಬಂದದ್ದು.

ನಮ್ಮ ಕಾಫಿಗೂ ಅಂಥದ್ದೇ ಒಂದು ಪಯಣ ಇದೆ. ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಾಬಾ ಬುಡನ್ ಬಿತ್ತಿದರು ಅನ್ನುವ ಐತಿಹ್ಯ ಎಲ್ಲರಿಗೂ ಗೊತ್ತು. ಆದರೆ ಆಲಿವ್ ತೋಟದ ಮಧ್ಯೆ ಸೈಕಲ್ ಹಾದಿ ಮಾಡಿದವರಿಂದ ನಾವು ಕಲಿಯಬೇಕಾದ್ದು ಬೇರೆ. ಸೈಕಲ್ಲಿನವನಿಗೆ ಹೊಟ್ಟೆ ಹಸಿಯುತ್ತದೆ. ಅವನು ಇಪ್ಪತ್ತು ಕಿ.ಮೀ.ಗೊಮ್ಮೆ ನಿಲ್ಲುತ್ತಾನೆ. ಕಾರಿನವನು ರೆಸಾರ್ಟಿಗೆ ನೇರ ಹೋಗಿ ಗೇಟು ಹಾಕಿಕೊಳ್ಳುತ್ತಾನೆ. ಸೈಕಲ್ಲಿನವನ ದುಡ್ಡು ಹಳ್ಳಿಯ ಅಂಗಡಿಗೆ, ಅಕ್ಕಿರೊಟ್ಟಿ ತಟ್ಟುವ ಅಮ್ಮನಿಗೆ, ಪಂಕ್ಚರ್ ಹಾಕುವವನಿಗೆ ಹೋಗುತ್ತದೆ. ಚಹಾದಂಗಡಿ ಕಾಕನಿಗೆ ಈಗ ನಾವು ಇದನ್ನೇ ಹೇಳುತ್ತೇವೆ: "ನಿಮ್ಮ ಉಪ್ಪ ಬಿಟ್ಟ ಸೈಕಲ್ಲೇ ಈಗ ನಿಮ್ಮಲ್ಲಿಗೆ ಗಿರಾಕಿ ತರ್ತಾ ಉಂಟು."

ಆನೆಯ ಹೊತ್ತು

ಬೆಳಕು ಹರಿಯುವ ಮುಂಚೆ ಹೊರಡಬಾರದು ಅಂದೆವಲ್ಲ, ಅದರ ಕಾರಣಕ್ಕೆ ಬರೋಣ. ಇದನ್ನು ಬರೆಯಲಿಕ್ಕಾಗಿಯೇ ಈ ಲೇಖನ ಬರೆದೆವು ಅಂದರೂ ತಪ್ಪಿಲ್ಲ.

ಸಕಲೇಶಪುರ, ಆಲೂರು ತಾಲೂಕುಗಳಲ್ಲಿ ಕಾಡಾನೆ ಅಂದರೆ ದೂರದ ಸುದ್ದಿಯಲ್ಲ. ಹೈಕೋರ್ಟಿನವರೆಗೆ ವಿಷಯ ಹೋಗಿ 2014ರಲ್ಲಿ ಈ ಭಾಗದಿಂದ 22 ಆನೆ ಹಿಡಿದು ಸಾಗಿಸಿದರು. ಆದರೂ ಮುಗಿಯಲಿಲ್ಲ. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಅರ್ಜುನ ಸತ್ತದ್ದು ನಮ್ಮ ಯಸಳೂರು ಕಡೆಯ ದಬ್ಬಳ್ಳಿಕಟ್ಟೆಯಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ. ತೋಟದ ಕೆಲಸಕ್ಕೆ ಹೋದವರು ವಾಪಸ್ ಬಾರದ ಮನೆಗಳು ಎಲ್ಲ ಜಾತಿ, ಎಲ್ಲ ಮತದವರಲ್ಲೂ ಇವೆ. ಆನೆ ಹಗಲು ತೋಟದ ಒಳಗೆ ನಿಂತು, ಸಂಜೆಯಿಂದ ಬೆಳಗಿನವರೆಗೆ ಗದ್ದೆಗೆ, ನೀರಿಗೆ ರಸ್ತೆ ದಾಟುತ್ತದೆ. ಅದೇ ಹೊತ್ತಿಗೆ ಮಂಜೂ ಕವಿಯುತ್ತದೆ. ಬೈಕಿಗಾದರೆ ಸದ್ದು, ಬೆಳಕು ಉಂಟು. ಸೈಕಲ್ಲಿಗೆ ಎರಡೂ ಇಲ್ಲ. ತುಳಿಯುವವನಿಗೆ ಆನೆ ಕಾಣುವುದಿಲ್ಲ, ಆನೆಗೆ ಸೈಕಲ್ ಕೇಳುವುದಿಲ್ಲ.

ನಮ್ಮ ಮದ್ರಸಕ್ಕೆ ತೋಟದ ಲೈನ್ ಮನೆಯಿಂದ ಒಬ್ಬ ಹುಡುಗ ಬರುತ್ತಿದ್ದ. ಏಳನೇ ತರಗತಿ. ಬರಬೇಕಾದ ದೂರ ಮೂರು ಕಿ.ಮೀ. ಅವನ ಅಣ್ಣನಿಗೆ ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲನ್ನೇ ಇವನು ತುಳಿಯುತ್ತಿದ್ದ. 2006-07ರಲ್ಲಿ ಶುರುವಾಗಿ ಎಂಟನೇ ತರಗತಿ ಮಕ್ಕಳಿಗೆ ಸಿಗುತ್ತಿದ್ದ ಆ ಸೈಕಲ್ ಕೊರೊನಾ ಕಾಲದಿಂದ ನಿಂತುಹೋಯಿತು. ಇದ್ದವರ ಮನೆಯಲ್ಲಿ ಅದು ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಇಳಿಯುತ್ತಾ ಬರುತ್ತಿದೆ. ಆಗ ನಮ್ಮ ಪಾಠ ಆರೂವರೆಗೆ. ಡಿಸೆಂಬರಿನಲ್ಲಿ ಆರೂವರೆ ಅಂದರೆ ಅರ್ಧ ಕತ್ತಲೆ. ಎರಡು ದಿನ ಅವನು ತಡವಾಗಿ ಬಂದ. ಮೂರನೇ ದಿನ ನಾವು ಎಲ್ಲರೆದುರು ನಿಲ್ಲಿಸಿ ಗದರಿದೆವು. ನಾಳೆ ಐದು ನಿಮಿಷ ಮುಂಚೆ ಇರಬೇಕು ಅಂದೆವು.

ಮರುದಿನ ಅವನು ಮುಂಚೆಯೇ ಹೊರಟ. ತೋಟದ ತಿರುವಿನಲ್ಲಿ ಮಂಜಿನೊಳಗೆ ಏನೋ ಕಪ್ಪಗೆ ಕಂಡಿತಂತೆ. ಬಂಡೆ ಅಂದುಕೊಂಡ. ಬಂಡೆ ಕಿವಿ ಅಲ್ಲಾಡಿಸಿತು. ಸೈಕಲ್ ಬಿಸಾಡಿ ಚರಂಡಿ ಹಾರಿ ತೋಟದ ಬೇಲಿ ನುಗ್ಗಿ ಓಡಿದ. ಕಾಲಿಗೆ ಮುಳ್ಳುತಂತಿ ಕೊಯ್ದದ್ದು ಬಿಟ್ಟರೆ ಅಲ್ಲಾಹನ ಕೃಪೆಯಿಂದ ಬೇರೇನೂ ಆಗಲಿಲ್ಲ. ನಾವು ಹೋಗಿ ನೋಡುವಾಗ ಸೈಕಲ್ ರಸ್ತೆಯ ಮಧ್ಯೆ ಇತ್ತು. ಮುಂದಿನ ಚಕ್ರ ಹಪ್ಪಳದ ಹಾಗೆ ಮಡಚಿತ್ತು.

ಅವನ ಉಪ್ಪ ಒಂದು ಮಾತೂ ಬೈಯಲಿಲ್ಲ. "ಉಸ್ತಾದರು ಹೇಳಿದ್ದು ಸರಿಯೇ, ಇವ ಬೇಗ ಏಳುದಿಲ್ಲ" ಅಂದರು. ಬೈದಿದ್ದರೆ ನಮಗೆ ಹಗುರ ಆಗುತ್ತಿತ್ತು. ಮನೆಯ ಒಳಗಿಂದ ಉಮ್ಮನ ದನಿ ಮಾತ್ರ ಕೇಳಿಸಿತು: "ಕಲಿಯುದು ಬೇಕು, ಮಗನೂ ಬೇಕು."

ಆ ವಾರವೇ ಜಮಾಅತಿನವರನ್ನು ಕೂರಿಸಿ ಮಾತಾಡಿದೆವು. ಪಾಠದ ಸಮಯ ಬದಲಿಸಿದರೆ ಶಾಲೆಗೆ ತಡವಾಗುತ್ತದೆ ಅಂತ ಕೆಲವರು ಹೇಳಿದರು. ಅದೂ ಸುಳ್ಳಲ್ಲ. ಕೊನೆಗೆ ನವೆಂಬರಿನಿಂದ ಫೆಬ್ರವರಿವರೆಗೆ ದೂರದ ಮಕ್ಕಳಿಗೆ ಬೆಳಿಗ್ಗೆ ಬದಲು ಸಂಜೆ ಶಾಲೆ ಬಿಟ್ಟ ಕೂಡಲೇ ಪಾಠ ಅಂತ ತೀರ್ಮಾನವಾಯಿತು. ಕತ್ತಲಾಗುವ ಮುಂಚೆ ಮಕ್ಕಳು ಮನೆ ಸೇರಬೇಕು. ಒಬ್ಬನೇ ಸೈಕಲ್ಲಿನಲ್ಲಿ ಬರುವಂತಿಲ್ಲ, ಮೂವರಾದರೂ ಜೊತೆಗಿರಬೇಕು, ಮುಂದಿನವನು ಬೆಲ್ ಹೊಡೆಯುತ್ತಿರಬೇಕು. ತಡವಾದರೆ ಗದರಬಾರದು. ಈ ಕೊನೆಯದನ್ನು ನಾವು ನಮಗೇ ಹಾಕಿಕೊಂಡದ್ದು.

ಹೊರಡುವವರಿಗೆ ನಾಲ್ಕು ಮಾತು

ಹೊರಗಿನಿಂದ ಬರುವ ಸವಾರರಿಗೂ, ಊರ ಹುಡುಗರಿಗೂ ನಾವು ಕಲಿತದ್ದನ್ನು ಹೇಳಿಬಿಡುತ್ತೇವೆ. ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೆ ಹೊರಡಿ, ಸಂಜೆ ಐದರೊಳಗೆ ಪೇಟೆ ಸೇರಿ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ರಸ್ತೆ ಬದಿ ಬೋರ್ಡಿನಲ್ಲೂ ಹಾಕುತ್ತಾರೆ. ಅದನ್ನು ನೋಡದೆ ತೋಟದ ರಸ್ತೆಗೆ ಇಳಿಯಬೇಡಿ. ಹಾಲು ಹಾಕಲು ಬಂದವರನ್ನು, ಕೂಲಿಗೆ ಹೊರಟವರನ್ನು ಕೇಳಿದರೆ ಇನ್ನೂ ಖಚಿತ. ಕಿವಿಗೆ ಇಯರ್‌ಫೋನ್ ಬೇಡ. ಹಸಿ ಲದ್ದಿ ಕಂಡರೆ, ಬೈನೆ ಮರ ಮುರಿದದ್ದು ಕಂಡರೆ ಧೈರ್ಯ ತೋರಿಸದೆ ತಿರುಗಿ.

ಇಳಿಜಾರಿನಲ್ಲಿ ಬ್ರೇಕ್ ಒಂದೇ ಸಮನೆ ಒತ್ತಿ ಹಿಡಿಯಬೇಡಿ, ರಿಮ್ ಕಾದು ಹಿಡಿತ ತಪ್ಪುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ. ಎರಡೂ ಬ್ರೇಕ್ ಬಳಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ, ಒದ್ದೆ ಎಲೆ, ಜಿಗಣೆ. ಸವಾರಿಗೆ ಒಳ್ಳೆಯ ಕಾಲ ಅಕ್ಟೋಬರಿನಿಂದ ಮಾರ್ಚ್. ನವೆಂಬರ್ ನಂತರ ಕಾಫಿ ಕೊಯ್ಲು. ತೋಟದ ರಸ್ತೆಯಲ್ಲಿ ಟ್ರ್ಯಾಕ್ಟರ್, ತಲೆಹೊರೆ ಹೊತ್ತ ಹೆಂಗಸರು ಇರುತ್ತಾರೆ, ದಾರಿ ಅವರದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನದ ಹೊತ್ತಿಗೆ ಬಂದರೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ವಾಸನೆ. ಆದರೆ ಕಂಡವರ ತೋಟಕ್ಕೆ ಕೇಳದೆ ಕಾಲಿಡಬಾರದು. ಪ್ಲಾಸ್ಟಿಕ್ ಬಾಟಲಿ ತಂದವರೇ ವಾಪಸ್ ಒಯ್ಯಬೇಕು.

ಹಪ್ಪಳವಾದ ಆ ಚಕ್ರದ ಕಥೆ ಒಂದು ಬಾಕಿ ಇದೆ. ನಮ್ಮ ಆರು ಜನರ ಗುಂಪು ಸೇರಿ ಪೇಟೆಯಲ್ಲಿ ಬೇರೆ ಚಕ್ರ ಹಾಕಿಸಿದೆವು. ಫೋರ್ಕ್ ಸ್ವಲ್ಪ ಓರೆಯಾಗಿಯೇ ಉಳಿಯಿತು, ಕೈ ಬಿಟ್ಟರೆ ಸೈಕಲ್ ಎಡಕ್ಕೆ ಎಳೆಯುತ್ತದೆ. ಹುಡುಗನ ಉಪ್ಪ ಮೂರು ತಿಂಗಳು ಅದನ್ನು ಮುಟ್ಟಲು ಬಿಡಲಿಲ್ಲ. ಏಪ್ರಿಲ್ ರಜೆಯಲ್ಲಿ ಒಂದು ಶುಕ್ರವಾರ ಅವರೇ ಹುಡುಗನನ್ನು ಕರೆತಂದು, "ನಿಮ್ಮ ಜೊತೆ ಆದರೆ ಹೋಗ್ಲಿ" ಅಂದರು. ಹಾನುಬಾಳು ರಸ್ತೆಯ ಮೊದಲ ಏರಿನಲ್ಲಿ ನಾವು ಇಳಿದು ತಳ್ಳುತ್ತಿದ್ದೆವು. ಅವನು ಓರೆ ಸೈಕಲ್ಲಿನಲ್ಲಿ ನಮ್ಮನ್ನು ದಾಟಿ ಹೋಗಿ, ಮೇಲೆ ನಿಂತು ಕೂಗಿದ: "ಉಸ್ತಾದೇ, ತಡ ಆಯ್ತು!"

ನಾವೇನೂ ಹೇಳಲಿಲ್ಲ. ಗದರುವಂತಿಲ್ಲ ಅಂತ ತೀರ್ಮಾನ ಆಗಿದೆಯಲ್ಲ, ಅದು ಅವನಿಗೂ ಲಾಗೂ ಅಂತ ಮಾತ್ರ ಆಮೇಲೆ ಚಹಾ ಕುಡಿಯುವಾಗ ಹೇಳಿದೆವು.